ಬೋಲ್ಟು ಬಿಚ್ಚಿದ ಬೆಂಚು: ವಸತಿ ಸಮುಚ್ಚಯವೊಂದರ ನವೀಕರಣದ ಪ್ರಕರಣ ಅಧ್ಯಯನ

ಹಿನ್ನೆಲೆ

ಸಂಸ್ಥೆಯೊಂದು ತನ್ನ ನೌಕರರಿಗಾಗಿ ಸುಮಾರು ನಲವತ್ತು ವರ್ಷಗಳ ಹಿಂದೆ ಕಟ್ಟಿಸಿದ್ದ ವಸತಿ ಸಮುಚ್ಚಯದ ನವೀಕರಣವನ್ನು ನಮ್ಮ ತಂಡ ವಹಿಸಿಕೊಂಡಿತ್ತು. ಆ ಕೆಲಸದಲ್ಲಿ ಏನಾಯಿತು ಎಂಬುದರ ದಾಖಲೆ ಇದು. ಸಂಸ್ಥೆಯ, ಸ್ಥಳದ ಮತ್ತು ವ್ಯಕ್ತಿಗಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇವೆ; ನಿರ್ಧಾರಗಳ ಅನುಕ್ರಮವನ್ನಾಗಲಿ, ನಮ್ಮಿಂದಾದ ತಪ್ಪುಗಳನ್ನಾಗಲಿ ಬದಲಿಸಿಲ್ಲ.

ಸಮುಚ್ಚಯದಲ್ಲಿ ಉತ್ತರ ದಕ್ಷಿಣವಾಗಿ ಚಾಚಿಕೊಂಡ ಆರು ಬ್ಲಾಕುಗಳಿವೆ. ಪ್ರತಿ ಬ್ಲಾಕಿಗೆ ನೆಲಮಹಡಿಯೂ ಸೇರಿ ನಾಲ್ಕು ಅಂತಸ್ತು, ಮೂರು ಮೆಟ್ಟಿಲಸಾಲು, ಒಂದೊಂದು ಮೆಟ್ಟಿಲಸಾಲಿಗೆ ಎಂಟು ಮನೆ. ಒಟ್ಟು 144 ಮನೆಗಳು. ಇಟ್ಟಿಗೆ ಗೋಡೆಗಳೇ ಭಾರ ಹೊರುವ ಕಟ್ಟಡಗಳಾದ್ದರಿಂದ ಒಳಗಿನ ವಿಂಗಡಣೆಯನ್ನು ಸುಲಭವಾಗಿ ಬದಲಿಸುವಂತಿರಲಿಲ್ಲ. ಬ್ಲಾಕುಗಳ ನಡುವೆ ಹದಿನಾಲ್ಕು ಮೀಟರ್ ಅಗಲದ ಐದು ಬಯಲು ಪಟ್ಟಿಗಳಿವೆ. ಮೊದಲ ನಾಲ್ಕು ಬ್ಲಾಕುಗಳ ಮೆಟ್ಟಿಲುಗಳು ಪೂರ್ವಕ್ಕೆ ತೆರೆದುಕೊಂಡರೆ ಐದನೆಯದರವು ಪಶ್ಚಿಮಕ್ಕೆ, ಆರನೆಯದರವು ಹೊರಗಿನ ರಸ್ತೆಯತ್ತ ಮತ್ತೆ ಪೂರ್ವಕ್ಕೆ ತೆರೆದುಕೊಳ್ಳುತ್ತವೆ. ಹೀಗಾಗಿ ನಾಲ್ಕನೆಯ ಪಟ್ಟಿಯತ್ತ ಎರಡೂ ಕಡೆಯ ಬಾಗಿಲುಗಳು ಮುಖ ಮಾಡಿವೆ; ಐದನೆಯದಕ್ಕೆ ಎರಡೂ ಕಡೆಯ ಬ್ಲಾಕುಗಳು ಬೆನ್ನು ತೋರಿಸಿವೆ. ಈ ಒಣ ವಿವರ ಕೊನೆಯವರೆಗೂ ಬೇಕಾಗುತ್ತದೆ.

ನಲವತ್ತು ವರ್ಷಗಳಲ್ಲಿ ನಿವಾಸಿಗಳು ಕಟ್ಟಡಕ್ಕೆ ತಮ್ಮದೇ ಆದ ಅನೇಕ ಸೇರ್ಪಡೆಗಳನ್ನು ಮಾಡಿಕೊಂಡಿದ್ದರು. ಮೆಟ್ಟಿಲ ಬಾಯಿಯ ಪಕ್ಕದಲ್ಲಿ, ಗೋಡೆಗೆ ತಾಗಿ, ಮೊಣಕಾಲೆತ್ತರದ ಕಟ್ಟೆಗಳಿದ್ದವು. ಕೆಲವು ಕಟ್ಟೆಗಳ ಮೇಲೆ ತಗಡಿನ ಮಾಡು ಇತ್ತು. ಹುಲ್ಲುಹಾಸನ್ನು ಕರ್ಣರೇಖೆಯಲ್ಲಿ ಸೀಳಿಕೊಂಡು ಕಾಲುದಾರಿಗಳು ಮೂಡಿದ್ದವು. ಮೆಟ್ಟಿಲುಗಳ ತಿರುವಿನಲ್ಲಿ ಚಪ್ಪಲಿಯ ಗೂಡು, ಹೂಕುಂಡ, ಸೈಕಲ್ಲು. ಬಾಲ್ಕನಿಗಳಿಗೆ ಕಬ್ಬಿಣದ ಗ್ರಿಲ್ಲು. ಹಲವೆಡೆ ನೆಲಮಹಡಿಯ ಮನೆಯೊಂದರಿಂದ ಎಳೆದ ವೈರಿನ ತುದಿಯಲ್ಲಿ ಮೆಟ್ಟಿಲ ಬಾಯಿಗೆ ಒಂದು ಬಲ್ಬು ನೇತಾಡುತ್ತಿತ್ತು.

ನಮಗೆ ಕೊಟ್ಟ ಕಾರ್ಯಸೂಚಿಯಲ್ಲಿ ಎರಡು ಮುಖ್ಯ ಅಂಶಗಳಿದ್ದವು. ಸೋರುವ ಮಾಡು, ತುಕ್ಕು ಹಿಡಿದ ಪೈಪು, ಬಿರುಕುಗಳ ದುರಸ್ತಿ ಮೊದಲನೆಯದು. ಅದರ ಬಗ್ಗೆ ಇಲ್ಲಿ ಬರೆಯುವಂಥದ್ದೇನೂ ಇಲ್ಲ, ಆ ಕೆಲಸ ಕ್ರಮವಾಗಿ ಮುಗಿಯಿತು. ಹೊರಾಂಗಣದ ಆಧುನೀಕರಣ ಮತ್ತು ಅನಧಿಕೃತ ಸೇರ್ಪಡೆಗಳ ತೆರವು ಎರಡನೆಯದು. ಅದರ ಜೊತೆಗೆ ಸಂಸ್ಥೆಯ ಸಿಬ್ಬಂದಿ ಮನೆಮನೆ ಸುತ್ತಿ ತಯಾರಿಸಿದ್ದ ಒಂಬತ್ತು ಪುಟಗಳ ಒತ್ತುವರಿ ಪಟ್ಟಿಯೂ ಇತ್ತು. ಆ ಪಟ್ಟಿಯನ್ನು ನಾವು ಓದದೆ ಕಡತಕ್ಕೆ ಸೇರಿಸಿದೆವು.

ಮೊದಲ ವಿನ್ಯಾಸ

ನಮ್ಮ ಮೊದಲ ವಿನ್ಯಾಸ ನೋಡಲು ಚೆನ್ನಾಗಿತ್ತು. ಪ್ರತಿ ಪಟ್ಟಿಯ ನಡುವೆ ಕಲ್ಲು ಹಾಸಿದ ಉದ್ದನೆಯ ಅಂಗಳ, ಅದರಲ್ಲಿ ಎದುರುಬದುರಾಗಿ ಕೂರಿಸಿದ ಬೆಂಚುಗಳ ಜೋಡಿಗಳು, ಅಂಚಿನಲ್ಲಿ ಹುಲ್ಲು, ಮೆಟ್ಟಿಲುಗಳಿಂದ ಅಂಗಳಕ್ಕೆ ಲಂಬವಾಗಿ ಬರುವ ದಾರಿಗಳು. ಸೇರ್ಪಡೆಗಳನ್ನೆಲ್ಲ ತೆಗೆದ ಮೇಲೆ ಬ್ಲಾಕುಗಳ ಮೂಲ ಗೆರೆಗಳು ಮತ್ತೆ ಕಾಣುತ್ತವೆ ಎಂದು ವಿವರಣಾ ಟಿಪ್ಪಣಿಯಲ್ಲಿ ಬರೆದಿದ್ದೆವು. ಅದೇ ಟಿಪ್ಪಣಿಯಲ್ಲಿ, ನಗರದ ಸಾರ್ವಜನಿಕ ಜಾಗಗಳನ್ನು ಅಧ್ಯಯನ ಮಾಡಿದ ಅಮೆರಿಕದ ಲೇಖಕ ವಿಲಿಯಂ ಎಚ್. ವೈಟ್ ಅವರ ಹೆಸರೂ ಇತ್ತು ಎಂಬುದನ್ನು ಈಗ ಸ್ವಲ್ಪ ಸಂಕೋಚದಿಂದಲೇ ಹೇಳಬೇಕಾಗಿದೆ. ಬಯಲು ಅಂಗಳ ಬಿಟ್ಟುಕೊಡುವ ಕಟ್ಟಡಗಳಿಗೆ ಹೆಚ್ಚುವರಿ ವಿಸ್ತೀರ್ಣದ ರಿಯಾಯಿತಿ ಕೊಡುವ ನಿಯಮ 1961ರಲ್ಲಿ ನ್ಯೂಯಾರ್ಕಿನಲ್ಲಿ ಬಂದ ಮೇಲೆ ಅಲ್ಲಿ ಅಂಗಳಗಳು ಹೇರಳವಾಗಿ ಹುಟ್ಟಿಕೊಂಡವು, ಅವುಗಳಲ್ಲಿ ಬಹಳಷ್ಟು ಖಾಲಿ ಬಿದ್ದಿದ್ದವು. 1970ರ ದಶಕದಲ್ಲಿ ವೈಟ್ ಮತ್ತು ಅವರ ಸಹಾಯಕರು ಕ್ಯಾಮೆರಾ ಹಿಡಿದು ಆ ಅಂಗಳಗಳನ್ನು ಗಮನಿಸಿ, ಜನ ಕುಳಿತುಕೊಳ್ಳುವುದು ಕುಳಿತುಕೊಳ್ಳಲು ಜಾಗವಿರುವಲ್ಲಿ ಎಂಬ, ಕೇಳಿದರೆ ನಗು ಬರುವಷ್ಟು ಸರಳವಾದ ಸಂಗತಿಯನ್ನು ತೋರಿಸಿಕೊಟ್ಟರು. 1975ರಲ್ಲಿ ನಗರದ ನಿಯಮವೇ ತಿದ್ದುಪಡಿಯಾಯಿತು. ನಾವು ಅದರಿಂದ ಕಲಿತದ್ದು ಆಸನಗಳ ಲೆಕ್ಕವನ್ನು ಮಾತ್ರ. ಇಷ್ಟು ಮನೆಗೆ ಇಷ್ಟು ಬೆಂಚು ಎಂದು ಲೆಕ್ಕ ಹಾಕಿ ನಮ್ಮ ಕರ್ತವ್ಯ ಮುಗಿಸಿಕೊಂಡಿದ್ದೆವು.

ಸಂಸ್ಥೆಯ ಅಭಿಯಂತರರು ಎಚ್ಚರಿಕೆಯ ಮನುಷ್ಯರು. ಐದೂ ಪಟ್ಟಿಗಳಿಗೆ ಒಮ್ಮೆಗೇ ಟೆಂಡರ್ ಕರೆಯುವ ಬದಲು ಎರಡನೆಯ ಪಟ್ಟಿಯನ್ನು ಮಾದರಿಯಾಗಿ ಕಟ್ಟಿ ನೋಡೋಣ ಎಂದರು. ವಿಳಂಬವಾಗುತ್ತದೆಂದು ನಮಗೆ ಆಗ ಬೇಸರವಾಗಿತ್ತು. ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ನಿರ್ಧಾರ ಅದೇ, ಮತ್ತು ಅದು ನಮ್ಮದಾಗಿರಲಿಲ್ಲ.

ಮಾದರಿ ಪಟ್ಟಿಯಲ್ಲಿ ಮೂರು ಮೆಟ್ಟಿಲ ಬಾಯಿಗಳ ಬಳಿಯಿದ್ದ ಕಟ್ಟೆಗಳನ್ನು ಒಡೆದು, ಅಂಗಳ ಹಾಸಿ, ಆರು ಬೆಂಚುಗಳನ್ನು ಬೋಲ್ಟು ಹಾಕಿ ನಿಲ್ಲಿಸಲಾಯಿತು. ಮೂರು ತಿಂಗಳ ನಂತರ ಹೋಗಿ ನೋಡಿದಾಗ ಸಂಜೆಯ ಹೊತ್ತು ಬೆಂಚುಗಳು ಖಾಲಿಯಿದ್ದವು. ಒಡೆದ ಕಟ್ಟೆಗಳಿದ್ದ ಜಾಗದಲ್ಲಿ ಮನೆಯಿಂದ ತಂದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಜನ ಕುಳಿತಿದ್ದರು. ಹೊಸ ಹುಲ್ಲಿನ ಮೇಲೆ ಹಳೆಯ ಕಾಲುದಾರಿ, ಹೆಚ್ಚುಕಡಿಮೆ ಅದೇ ಗೆರೆಯಲ್ಲಿ, ಮತ್ತೆ ಮೂಡುತ್ತಿತ್ತು. ಆರು ಬೆಂಚುಗಳ ಪೈಕಿ ಒಂದು ತನ್ನ ಜಾಗದಲ್ಲಿರಲಿಲ್ಲ. ಯಾರೋ ಸ್ಪ್ಯಾನರ್ ತಂದು ನಾಲ್ಕೂ ಬೋಲ್ಟು ಬಿಚ್ಚಿ, ಅದನ್ನು ಎಳೆದೊಯ್ದು, ನಡುವಿನ ಮೆಟ್ಟಿಲ ಬಾಯಿಯ ಪಕ್ಕ, ಬೆನ್ನು ಗೋಡೆಗೆ ಆನುವಂತೆ ನಿಲ್ಲಿಸಿದ್ದರು.

ಸ್ಥಳದಲ್ಲೇ ನಡೆದ ಸಭೆಯಲ್ಲಿ ಮೊದಲು ಬಂದ ಸಲಹೆ ಬೋಲ್ಟಿನ ಬದಲು ಬೆಸುಗೆ ಹಾಕಿಸುವುದು. ತಂಡದ ಹಿರಿಯರಾದ ನಾವೂ ತಲೆಯಾಡಿಸಿದೆವು. ಆಗ ತಂಡದ ಅತಿ ಕಿರಿಯ ಸದಸ್ಯೆ, ಬೆಂಚನ್ನು ವಾಪಸ್ಸು ಇಡುವ ಮೊದಲು ಅದು ಈಗ ಎಲ್ಲಿದೆ ಎಂದು ಅಳತೆ ಮಾಡಿಕೊಳ್ಳುತ್ತೇನೆ ಎಂದು ಟೇಪು ತೆಗೆದರು. ಮೆಟ್ಟಿಲಿನಿಂದ ಎಷ್ಟು ದೂರ, ಗೋಡೆಯಿಂದ ಎಷ್ಟು, ಕುಳಿತರೆ ಏನೇನು ಕಾಣುತ್ತದೆ ಎಂದು ಬರೆದುಕೊಂಡರು. ಒಡೆದ ಕಟ್ಟೆಯ ಗುರುತು ಇನ್ನೂ ಗೋಡೆಯ ಗಾರೆಯ ಮೇಲೆ ಉಳಿದಿತ್ತು. ಬೆಂಚು ನಿಂತಿದ್ದದ್ದು ಸರಿಯಾಗಿ ಆ ಗುರುತಿನ ಮುಂದೆ.

ಅಳತೆಯ ಆರು ವಾರ

ಉಳಿದ ಪಟ್ಟಿಗಳ ಕೆಲಸವನ್ನು ತಡೆಹಿಡಿಯುವಂತೆ ನಾವೇ ಕೇಳಿಕೊಂಡೆವು. ಸಂಸ್ಥೆ ಆರು ವಾರಗಳ ಅವಕಾಶ ಕೊಟ್ಟಿತು. ಕಡತ ಸೇರಿದ್ದ ಒಂಬತ್ತು ಪುಟಗಳ ಒತ್ತುವರಿ ಪಟ್ಟಿಯನ್ನು ಹೊರತೆಗೆದು, ಅದನ್ನೇ ಸಮೀಕ್ಷೆಯ ಆಧಾರವಾಗಿಟ್ಟುಕೊಂಡೆವು. ತೆರವಿಗಾಗಿ ತಯಾರಾದ ಆ ಪಟ್ಟಿ, ಜನರಿಗೆ ಏನೇನು ಬೇಕಾಗಿತ್ತು ಎಂಬುದರ ಅತ್ಯಂತ ಶ್ರದ್ಧೆಯ ದಾಖಲೆಯೂ ಆಗಿತ್ತು.

ಇಂಥ ದಾಖಲೆಗೆ ಹಳೆಯ ಪರಂಪರೆಯಿದೆ. 1923ರ ಭೂಕಂಪದ ನಂತರ ಟೋಕಿಯೊದಲ್ಲಿ ಜನ ಸಿಕ್ಕಿದ್ದರಲ್ಲಿ ಕಟ್ಟಿಕೊಂಡ ತಾತ್ಕಾಲಿಕ ಸೂರುಗಳನ್ನು ವಾಸ್ತುಶಿಲ್ಪದ ಅಧ್ಯಾಪಕ ಕೊನ್ ವಾಜಿರೊ ಚಿತ್ರ ಬರೆದು ದಾಖಲಿಸತೊಡಗಿದರು. 1925ರಲ್ಲಿ ಗಿಂಜಾ ಬೀದಿಯಲ್ಲಿ ಓಡಾಡುವವರ ಉಡುಪನ್ನೂ ಎಣಿಸಿ ಬರೆದುಕೊಂಡರು. ಅವರ ಚಿತ್ರಗಳಲ್ಲಿ ಮೆಚ್ಚುಗೆಯೂ ಇಲ್ಲ, ದೂರೂ ಇಲ್ಲ. ವಸ್ತು ಎಲ್ಲಿದೆ, ಹೇಗಿದೆ ಎಂಬುದಷ್ಟೇ ಇದೆ. ಆ ಶಿಸ್ತನ್ನು ಅನುಸರಿಸಲು ಪ್ರಯತ್ನಿಸಿದೆವು. ಪ್ರತಿ ಸೇರ್ಪಡೆಯನ್ನೂ 1:20 ಪ್ರಮಾಣದಲ್ಲಿ ಬರೆದು, ಅದರ ಎತ್ತರ, ಆಳ, ಬಾಗಿಲಿನಿಂದ ದೂರ, ಕುಳಿತವರ ಕಣ್ಣಿಗೆ ಕಾಣುವುದೇನು, ದಿನದ ಯಾವ ಹೊತ್ತಿನಲ್ಲಿ ನೆರಳು, ದುರಸ್ತಿ ಮಾಡಿದವರು ಯಾರು ಎಂದು ನಮೂದಿಸಿದೆವು. ಕಡೆಯ ಕಲಮು ‘ಇದನ್ನು ಗುಡಿಸುವವರು ಯಾರು?’ ಎಂಬುದು. ಅದನ್ನು ಸೇರಿಸುವಾಗ ಅಷ್ಟೇನೂ ಯೋಚಿಸಿರಲಿಲ್ಲ. ಕೊನೆಗೆ ಅತಿ ಹೆಚ್ಚು ಬಳಕೆಗೆ ಬಂದದ್ದು ಆ ಕಲಮೇ.

ಉಳಿದ ಹದಿನೈದು ಮೆಟ್ಟಿಲ ಬಾಯಿಗಳ ಪೈಕಿ ಹನ್ನೊಂದರಲ್ಲಿ ಕಟ್ಟೆಗಳಿದ್ದವು. ಕಟ್ಟಿದವರು ಬೇರೆ ಬೇರೆ ಮನೆಯವರು, ಕಟ್ಟಿದ ಕಾಲವೂ ಬೇರೆ. ಆದರೂ ಎತ್ತರ 38ರಿಂದ 46 ಸೆಂಟಿಮೀಟರ್‌ಗಳ ಒಳಗೇ ಇತ್ತು. ಒಂದೂ ಮೆಟ್ಟಿಲಿನಿಂದ ನಾಲ್ಕು ಹೆಜ್ಜೆಗಿಂತ ದೂರ ಇರಲಿಲ್ಲ. ಎಲ್ಲವೂ ಗೋಡೆಗೆ ಆನಿಕೊಂಡಿದ್ದವು. ಎಲ್ಲಿಂದ ನೋಡಿದರೂ ಮೆಟ್ಟಿಲು ಮತ್ತು ಗೇಟಿನ ಕಡೆಯಿಂದ ಬರುವ ದಾರಿ ಎರಡೂ ಕಾಣುತ್ತಿದ್ದವು. ಬ್ಲಾಕಿನ ಪೂರ್ವದ ಮಗ್ಗುಲಿನ ಕಟ್ಟೆಗಳಿಗೆ ನಡುಹಗಲು ಕಳೆಯುತ್ತಿದ್ದಂತೆ ಕಟ್ಟಡದ ನೆರಳು ಬೀಳುತ್ತಿತ್ತು. ಐದನೆಯ ಬ್ಲಾಕಿನ ಪಶ್ಚಿಮದ ಕಟ್ಟೆಗಳಲ್ಲಿ ಜನ ಕೂರುತ್ತಿದ್ದದ್ದು ಬೆಳಗ್ಗೆ. ಎರಡೂ ಇದ್ದ ನಾಲ್ಕನೆಯ ಪಟ್ಟಿಯಲ್ಲಿ ದಿನವಿಡೀ ಯಾರಾದರೊಬ್ಬರು ಇರುತ್ತಿದ್ದರು, ಸೂರ್ಯನ ಜೊತೆಗೆ ಮಗ್ಗುಲು ಬದಲಿಸುತ್ತ.

ನಮ್ಮ ಬೆಂಚುಗಳನ್ನು ಇದೇ ಕಲಮುಗಳಲ್ಲಿ ತುಂಬಿ ನೋಡಿದಾಗ ಉತ್ತರ ತಾನಾಗಿಯೇ ಸಿಕ್ಕಿತು. ಎತ್ತರ ಸರಿಯಾಗಿತ್ತು. ಉಳಿದದ್ದೆಲ್ಲ ತಪ್ಪಾಗಿತ್ತು: ಹತ್ತಿರದ ಬಾಗಿಲು ಏಳು ಮೀಟರ್ ದೂರ, ಬೆನ್ನ ಹಿಂದೆ ಬಯಲು, ಕಣ್ಣೆದುರು ಇನ್ನೊಂದು ಬೆಂಚು, ನಾಲ್ಕು ಅಂತಸ್ತುಗಳ ಕಿಟಕಿಗಳೆಲ್ಲ ಮೇಲಿನಿಂದ ನೋಡುವ ಜಾಗ. ಎದುರುಬದುರು ಕುಳಿತರೆ ಮಾತನಾಡಲೇಬೇಕು. ಕಟ್ಟೆಯ ಮೇಲೆ ಅಕ್ಕಪಕ್ಕ ಕುಳಿತರೆ ಮಾತನಾಡಬಹುದು, ಸುಮ್ಮನೆಯೂ ಇರಬಹುದು, ಹೋಗಿ ಬರುವವರನ್ನು ನೋಡಬಹುದು. ‘ಗುಡಿಸುವವರು ಯಾರು?’ ಎಂಬುದಕ್ಕೆ ಕಟ್ಟೆಗಳ ಸಾಲಿನಲ್ಲಿ ಹನ್ನೊಂದೂ ಕಡೆ ಮನೆಯ ಸಂಖ್ಯೆ ಇತ್ತು. ಬೆಂಚುಗಳ ಸಾಲಿನಲ್ಲಿ ‘ಗುತ್ತಿಗೆದಾರ’ ಎಂದಿತ್ತು.

ನಕ್ಷೆಯಲ್ಲಿ ನಾವು ಕಾಣದೆ ಹೋದ ಇನ್ನೊಂದು ಸಂಗತಿ ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಚಿತ್ರ, ಬರೆಯುವಾಗ ಕಂಡಿತು. ಮೂಲ ವಿನ್ಯಾಸದಲ್ಲಿ ಅಡುಗೆಮನೆಗಳು ಮೆಟ್ಟಿಲಿಗೆ ಹೊಂದಿಕೊಂಡಿದ್ದವು, ಅವುಗಳ ಕಿಟಕಿ ಮೆಟ್ಟಿಲ ಬಾಯಿಯ ಪಕ್ಕದಲ್ಲೇ ತೆರೆಯುತ್ತಿತ್ತು. ಕಟ್ಟೆಯ ಮೇಲೆ ಕುಳಿತವರ ತಲೆಯ ಮಟ್ಟಕ್ಕೂ ನೆಲಮಹಡಿಯ ಅಡುಗೆಮನೆಯ ಕಿಟಕಿಯ ಅಂಚಿಗೂ ಹೆಚ್ಚು ಅಂತರವಿರಲಿಲ್ಲ. ಒಳಗೆ ಕೆಲಸ ಮಾಡುವವರು ಹೊರಗೆ ಕುಳಿತವರೊಂದಿಗೆ ಮಾತನಾಡುತ್ತಲೇ ಅಂಗಳದಲ್ಲಿ ಆಡುವ ಮಕ್ಕಳ ಮೇಲೆ ಕಣ್ಣಿಡುತ್ತಿದ್ದರು. ನಲವತ್ತು ವರ್ಷಗಳ ಹಿಂದಿನ ವಿನ್ಯಾಸಕಾರರು ಇದನ್ನು ಉದ್ದೇಶಿಸಿದ್ದರೆಂದು ತೋರುವುದಿಲ್ಲ. ಪೈಪುಗಳ ಉಳಿತಾಯಕ್ಕಾಗಿ ಅಡುಗೆಮನೆಗಳನ್ನು ಅಲ್ಲಿ ಕೂಡಿಸಿರಬೇಕು. ನಿವಾಸಿಗಳು ಆ ಆಕಸ್ಮಿಕವನ್ನು ಬಳಸಿಕೊಂಡಿದ್ದರು.

ಎರಡನೆಯ ವಿನ್ಯಾಸ, ಎರಡನೆಯ ತಪ್ಪು

ಸಮೀಕ್ಷೆಯನ್ನು ಮುಂದಿಟ್ಟಾಗ ಸಂಸ್ಥೆಯ ಅಧಿಕಾರಿಗಳು ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: ಒಬ್ಬೊಬ್ಬರು ತಮಗೆ ಬೇಕಾದಂತೆ ಕಟ್ಟಿಕೊಳ್ಳುವುದನ್ನು ವಿನ್ಯಾಸ ಎಂದು ಒಪ್ಪಿಕೊಂಡರೆ ವಾಸ್ತುಶಿಲ್ಪಿಯ ಅಗತ್ಯವೇನು? ಉತ್ತರವಾಗಿ ನಾವು ಪೆಸಾಕ್‌ನ ಉದಾಹರಣೆ ಕೊಟ್ಟೆವು. ಫ್ರಾನ್ಸಿನ ಬೋರ್ಡೊ ನಗರದ ಬಳಿ, ಆನ್ರಿ ಫ್ರುಜೆಸ್ ಎಂಬ ಉದ್ಯಮಿಗಾಗಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ 1920ರ ದಶಕದಲ್ಲಿ ಐವತ್ತರಷ್ಟು ಮನೆಗಳನ್ನು ಕಟ್ಟಿದರು. ಕಾಲಕ್ರಮೇಣ ನಿವಾಸಿಗಳು ಚಪ್ಪಟೆ ಮಾಡಿನ ಮೇಲೆ ಇಳಿಜಾರು ಮಾಡು ಹಾಕಿದರು, ಅಡ್ಡಕ್ಕೆ ಉದ್ದವಾದ ಕಿಟಕಿಗಳನ್ನು ಕಿರಿದುಗೊಳಿಸಿದರು, ತೆರೆದ ಜಾಗಗಳನ್ನು ಮುಚ್ಚಿಕೊಂಡರು. ಫಿಲಿಪ್ ಬುದೋಂ 1969ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬರಿಯ ಸೋಲೆಂದು ನೋಡದೆ, ಮನೆಗಳ ಮೂಲ ನಕ್ಷೆಯಲ್ಲೇ ಇಂಥ ಬದಲಾವಣೆಗೆ ಎಡೆಯಿತ್ತು ಎಂದು ಗುರುತಿಸಿತು. ಅದೇ ಬಡಾವಣೆ 2016ರಲ್ಲಿ ವಿಶ್ವ ಪಾರಂಪರಿಕ ಪಟ್ಟಿಗೆ ಸೇರಿತು, ಮತ್ತು ಪಟ್ಟಿಗೆ ಸೇರಿದ್ದು ಅದನ್ನು ಕಟ್ಟಿದ ವಾಸ್ತುಶಿಲ್ಪಿಯ ಕೃತಿಯಾಗಿ, ನಿವಾಸಿಗಳ ಕೃತಿಯಾಗಿ ಅಲ್ಲ. ಈ ವಾದದ ಎರಡನೆಯ ಅರ್ಧ ನಮ್ಮ ಪರವಾಗಿರಲಿಲ್ಲ, ಆದರೂ ಹೇಳಿದೆವು. ಅಧಿಕಾರಿಗಳ ವಿಶ್ವಾಸ ಗಳಿಸಿಕೊಟ್ಟದ್ದು ಬಹುಶಃ ಅದೇ.

ಹೊಸ ವಿನ್ಯಾಸದಲ್ಲಿ ನಡು ಅಂಗಳವನ್ನು ಕೈಬಿಟ್ಟೆವು. ಕಾಲುದಾರಿಗಳು ಎಲ್ಲಿ ಮೂಡಿದ್ದವೋ ಅಲ್ಲೇ ಕಲ್ಲು ಹಾಸಿದೆವು. ಕಟ್ಟೆಯನ್ನು ವಿನ್ಯಾಸದ ಮುಖ್ಯ ಅಂಶವಾಗಿಸಿದೆವು, ಮತ್ತು ಅಲ್ಲಿಯೇ ಎಡವಿದೆವು. ಕಟ್ಟೆ ಒಳ್ಳೆಯದಾದರೆ ಹೆಚ್ಚು ಕಟ್ಟೆ ಇನ್ನೂ ಒಳ್ಳೆಯದು ಎಂಬ ತರ್ಕದಲ್ಲಿ, ಮೂರನೆಯ ಪಟ್ಟಿಯಲ್ಲಿ ಬ್ಲಾಕಿನ ಇಡೀ ಉದ್ದಕ್ಕೂ, 42 ಸೆಂಟಿಮೀಟರ್ ಎತ್ತರದಲ್ಲಿ, ಕಲ್ಲಿನ ಅಖಂಡ ಕಟ್ಟೆಯನ್ನು ಓಡಿಸಿದೆವು. ಛಾಯಾಚಿತ್ರದಲ್ಲಿ ಅದು ಬಹಳ ಸೊಗಸಾಗಿ ಕಾಣುತ್ತಿತ್ತು.

ಎರಡು ತಿಂಗಳಲ್ಲಿ ಆ ಕಟ್ಟೆಯ ಮೇಲೆ ಹೂಕುಂಡಗಳು ಸಾಲಾಗಿ ಬಂದು ಕುಳಿತವು. ನಿವಾಸಿಗಳು ಕಟ್ಟೆಯನ್ನು ತಮ್ಮದಾಗಿಸಿಕೊಂಡರು ಎಂದು ನಾವು ಸಂತೋಷಪಟ್ಟೆವು. ಪ್ರಗತಿ ವರದಿಯಲ್ಲಿ ಆ ಚಿತ್ರವನ್ನೂ ಹಾಕಿದೆವು. ಅದೇ ಕಿರಿಯ ಸಹೋದ್ಯೋಗಿ ಮತ್ತೊಮ್ಮೆ ಹೋಗಿ ಹತ್ತಿರದಿಂದ ನೋಡಿ ಬಂದು, ಕುಂಡಗಳಲ್ಲಿರುವುದು ಬಹುತೇಕ ಮುಳ್ಳಿನ ಗಿಡಗಳು, ಅವು ಇರುವುದು ಮಲಗುವ ಕೋಣೆಗಳ ಕಿಟಕಿಯ ಕೆಳಗೆ ಮಾತ್ರ ಎಂದರು. ಕಟ್ಟೆ ಅಖಂಡವಾದ ಮೇಲೆ ಅಪರಿಚಿತರೂ ಮಕ್ಕಳೂ ಎಲ್ಲೆಂದರಲ್ಲಿ ಕೂರತೊಡಗಿದ್ದರು. ನೆಲಮಹಡಿಯವರಿಗೆ ಕಿಟಕಿ ತೆರೆಯುವುದೇ ಕಷ್ಟವಾಗಿತ್ತು. ದೂರು ಬರೆಯುವ ಬದಲು ಅವರು ಗಿಡ ನೆಟ್ಟಿದ್ದರು. ಹಿಂದೆ ಬೆಂಚು ಎಳೆದದ್ದು ಕೂರಲು ಬೇಕಾದ ಜಾಗವನ್ನು ತೋರಿಸಿದ್ದರೆ, ಈಗ ಮುಳ್ಳುಗಿಡ ಬೇಡವಾದ ಜಾಗವನ್ನು ತೋರಿಸುತ್ತಿತ್ತು. ನಾವು ಮೊದಲನೆಯದನ್ನು ತಡವಾಗಿಯಾದರೂ ಓದಿದ್ದೆವು, ಎರಡನೆಯದನ್ನು ತಿರುವುಮುರುವಾಗಿ ಓದಿದ್ದೆವು.

ತಪ್ಪಿನ ಮೂಲವನ್ನು ಹುಡುಕುವಾಗ ನಮಗೆ ಸ್ಪಷ್ಟವಾದದ್ದು ಇದು. ಸಮೀಕ್ಷೆಯಲ್ಲಿ ನಾವು ದೂರ, ದೃಷ್ಟಿ, ನೆರಳು, ಹೊಣೆ ಎಂಬ ಸಂಬಂಧಗಳನ್ನು ಬರೆದುಕೊಂಡಿದ್ದೆವು. ವಿನ್ಯಾಸಕ್ಕೆ ಕುಳಿತಾಗ ಅವುಗಳಲ್ಲಿ ರೂಪವೊಂದನ್ನೇ ಎತ್ತಿಕೊಂಡಿದ್ದೆವು. ಕಟ್ಟೆಯ ಆಕಾರ, ಎತ್ತರ ನಮ್ಮ ಕೈಗೆ ಸುಲಭವಾಗಿ ದಕ್ಕುವಂಥವು. ಅದು ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿದೆ, ಮಲಗುವ ಕೋಣೆಯ ಪಕ್ಕದಲ್ಲಿಲ್ಲ ಎಂಬ ಸಂಗತಿ ಚಿತ್ರದಲ್ಲಿತ್ತು, ಆದರೆ ಕಟ್ಟೆಯ ಲಕ್ಷಣವೆಂದು ನಮಗೆ ತೋಚಿರಲಿಲ್ಲ. ದಿನಬಳಕೆಯ ಕಟ್ಟಡಗಳಿಂದ ಕಲಿಯುತ್ತೇವೆ ಎನ್ನುವ ವಾಸ್ತುಶಿಲ್ಪದಲ್ಲಿ ಈ ಜಾರಾಟ ಬಹಳ ಸಾಮಾನ್ಯ ಎಂಬುದು ನನ್ನ ಅಭಿಪ್ರಾಯ. ಹಳೆಯ ಮನೆಗಳ ಕಂಬ, ಹೆಂಚು, ಜಾಲಂಧ್ರಗಳು ಹೊಸ ಕಟ್ಟಡಗಳ ಮುಖಕ್ಕೆ ಅಂಟಿಕೊಳ್ಳುವುದೂ ಹೀಗೆಯೇ.

ಮಲಗುವ ಕೋಣೆಗಳ ಕೆಳಗಿನ ಭಾಗವನ್ನು ಒಡೆಸಿ ಅಲ್ಲಿ ಗಿಡದ ಪಾತಿ ಮಾಡಿಸಿದೆವು. ಮುಳ್ಳುಗಿಡಗಳು ಕುಂಡದಿಂದ ನೆಲಕ್ಕಿಳಿದವು.

ಬಿಟ್ಟುಕೊಡಲಾಗದ್ದು

ಈ ಹೊತ್ತಿಗೆ ನಮ್ಮ ತಂಡ ಇನ್ನೊಂದು ಅತಿಗೆ ಹೊರಳಿತ್ತು: ನಿವಾಸಿಗಳು ಮಾಡಿದ್ದೆಲ್ಲ ಸರಿ ಎಂಬ ಭಾವನೆ. ಅಗ್ನಿ ಸುರಕ್ಷತೆಯ ತಪಾಸಣೆ ಆ ಭ್ರಮೆಯನ್ನು ತೆಗೆಯಿತು. ಪ್ರತಿ ಎಂಟು ಮನೆಗಳಿಗೆ ಇಳಿಯಲು ಇರುವುದು ಒಂದೇ ಮೆಟ್ಟಿಲು. ಅದರ ತಿರುವುಗಳಲ್ಲಿ ಗೂಡು, ಸೈಕಲ್ಲು, ಹಳೆಯ ಪೆಟ್ಟಿಗೆಗಳಿದ್ದರೆ, ಹೊಗೆ ತುಂಬಿ ದೀಪ ಆರಿದಾಗ ಜನ ಅವುಗಳಿಗೆ ಎಡವಿ ಬೀಳುತ್ತಾರೆ. ಒಬ್ಬರು ಬಿದ್ದರೆ ಹಿಂದಿನವರೆಲ್ಲ ನಿಲ್ಲುತ್ತಾರೆ. ಬೀಗ ಹಾಕಿದ ಬಾಲ್ಕನಿಯ ಗ್ರಿಲ್ಲುಗಳು ಹೊರಗಿನಿಂದ ಏಣಿ ಹಾಕಿ ರಕ್ಷಿಸುವ ಅವಕಾಶವನ್ನೂ ಮುಚ್ಚಿದ್ದವು. ತಪಾಸಣಾಧಿಕಾರಿ ಒಂದೊಂದು ತಿರುವಿನಲ್ಲೂ ನಿಂತು ಉಳಿದಿರುವ ಅಗಲವನ್ನು ಅಳೆದು ತೋರಿಸಿದರು. ಕಟ್ಟೆಗಳನ್ನು ಅಳೆದಿದ್ದ ನಾವು ಮೆಟ್ಟಿಲುಗಳಲ್ಲಿ ಗೂಡುಗಳನ್ನು ಅಳೆದಿದ್ದೆವೇ ಹೊರತು, ಗೂಡು ಬಿಟ್ಟು ಉಳಿದ ದಾರಿಯನ್ನು ಅಳೆದಿರಲಿಲ್ಲ.

ಇಲ್ಲಿ ರಾಜಿ ಮಾಡಿಕೊಳ್ಳುವಂತಿರಲಿಲ್ಲ. ಮೆಟ್ಟಿಲುಗಳಿಂದ ಎಲ್ಲವನ್ನೂ ತೆಗೆಯುವುದು, ಗ್ರಿಲ್ಲುಗಳಿಗೆ ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಕಿಂಡಿ ಮಾಡಿಸುವುದು ಎಂದು ತೀರ್ಮಾನಿಸಿದೆವು. ಆದರೆ ತೆಗೆಯುವ ಮುನ್ನ ಪ್ರತಿ ವಸ್ತುವಿಗೂ, ಇದು ಇಲ್ಲಿಗೆ ಬಂದದ್ದೇಕೆ ಎಂದು ಕೇಳಿಕೊಂಡೆವು. ಸೈಕಲ್ಲು ಬಂದದ್ದು ಕಳುವಿನ ಭಯದಿಂದ. ಆದ್ದರಿಂದ ಅಡುಗೆಮನೆಯ ಕಿಟಕಿಗೆ ಕಾಣುವಂತೆ, ಮೆಟ್ಟಿಲ ಬಾಯಿಯ ಇನ್ನೊಂದು ಮಗ್ಗುಲಿನಲ್ಲಿ ಮಾಡು ಹೊದಿಸಿದ, ಬೀಗ ಹಾಕುವ ಕಂಬಿಯಿರುವ ನಿಲ್ದಾಣ ಮಾಡಿದೆವು. ಸೈಕಲ್ಲುಗಳು ಕೆಳಗಿಳಿದವು, ಮತ್ತೆ ಮೇಲೇರಲಿಲ್ಲ. ಚಪ್ಪಲಿಯ ಗೂಡಿಗೆ ಮಾತ್ರ ಅಂಥ ಪರಿಹಾರ ಸಿಗಲಿಲ್ಲ. ಮನೆಯ ಒಳಗೆ ಬಾಗಿಲ ಬಳಿ ಜಾಗವಿಲ್ಲ, ಭಾರ ಹೊರುವ ಗೋಡೆಯನ್ನು ಕೊರೆದು ಗೂಡು ಮಾಡುವಂತಿಲ್ಲ. ಬಾಗಿಲಿನ ಹಿಂಬದಿಗೆ ತೆಳ್ಳನೆಯ ಚೌಕಟ್ಟು ಕೊಟ್ಟೆವು, ಹಲವರು ಬಳಸಲಿಲ್ಲ. ವರ್ಷ ತುಂಬುವ ಮೊದಲೇ ಮೇಲಿನ ಅಂತಸ್ತುಗಳ ತಿರುವುಗಳಲ್ಲಿ ಕೆಲವು ಗೂಡುಗಳು ವಾಪಸ್ಸಾದವು. ಈ ಭಾಗದಲ್ಲಿ ನಾವು ಸೋತೆವು.

ಬಲ್ಬಿನ ವಿಷಯ ಸಣ್ಣದು, ಆದರೂ ಅದನ್ನು ಬಿಡಲಾಗದು. ಮನೆಯಿಂದ ಎಳೆದ ವೈರುಗಳು ಅಪಾಯಕಾರಿ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಅವುಗಳನ್ನು ತೆಗೆದು, ಪ್ರತಿ ಮೆಟ್ಟಿಲ ಬಾಯಿಗೂ ಒಳ್ಳೆಯ ದೀಪ ಹಾಕಿ, ಎಲ್ಲವನ್ನೂ ನಿರ್ವಹಣಾ ಕಚೇರಿಯ ಸ್ವಿಚ್ಚಿಗೆ ಜೋಡಿಸಿದೆವು. ದೀಪ ಕೆಟ್ಟರೆ ವಾರಗಟ್ಟಲೆ ಕತ್ತಲು. ಹಿಂದೆ ಬಲ್ಬು ಹೋದ ಸಂಜೆಯೇ ಹೊಸದು ಬರುತ್ತಿತ್ತು, ಏಕೆಂದರೆ ಕತ್ತಲಾದರೆ ತೊಂದರೆಯಾಗುವವರ ಕೈಯಲ್ಲೇ ಅದರ ಹೊಣೆ ಇತ್ತು. ಕೊನೆಗೆ ವಿದ್ಯುತ್ ಸಂಪರ್ಕವನ್ನು ಸಾಮಾನ್ಯ ಮೀಟರಿನಲ್ಲೇ ಉಳಿಸಿ, ಸ್ವಿಚ್ಚನ್ನು ಮಾತ್ರ ನೆಲಮಹಡಿಯ ಒಂದು ಮನೆಯ ಒಳಗೆ ಇಟ್ಟೆವು, ಬದಲಿ ಬಲ್ಬುಗಳನ್ನೂ ಅಲ್ಲೇ ಕೊಟ್ಟೆವು. ಯಾವ ಮನೆ ಎಂಬುದನ್ನು ‘ಗುಡಿಸುವವರು ಯಾರು?’ ಎಂಬ ಕಲಮು ನೋಡಿ ನಿರ್ಧರಿಸಿದೆವು.

ಗೆರೆ ಎಳೆಯುವ ಕೆಲಸ

ಉಳಿದ ಪಟ್ಟಿಗಳಿಗೆ ನಾವು ಕೊಟ್ಟದ್ದು ಪೂರ್ಣ ವಿನ್ಯಾಸವಲ್ಲ. ಎರಡು ಬಗೆಯ ಕೆಲಸಗಳನ್ನು ಬೇರೆ ಮಾಡಿದೆವು. ದಾರಿ, ಚರಂಡಿ, ದೀಪ, ಸೈಕಲ್ ನಿಲ್ದಾಣ, ಕಟ್ಟೆಗೆ ಬೇಕಾದ ಗಟ್ಟಿ ತಳಪಾಯ ಇವು ಸಂಸ್ಥೆಯ ಪಾಲು. ತಳಪಾಯದ ಮೇಲೆ ಕಟ್ಟೆ ಕಟ್ಟಿಕೊಳ್ಳುವುದೋ ಗಿಡ ಬೆಳೆಸುವುದೋ, ಮಾಡು ಬೇಕೋ ಬೇಡವೋ ಎಂಬುದು ಆ ಮೆಟ್ಟಿಲಿನ ಎಂಟು ಮನೆಗಳ ಪಾಲು. ಮಿತಿಗಳನ್ನು ಒಂದೇ ಹಾಳೆಯ ಚಿತ್ರದಲ್ಲಿ ತೋರಿಸಿದೆವು: ಗೋಡೆಯಿಂದ 75 ಸೆಂಟಿಮೀಟರ್ ಮೀರದಂತೆ, ಮೆಟ್ಟಿಲ ಬಾಯಿಯ ಪೂರ್ಣ ಅಗಲಕ್ಕೆ ಅಡ್ಡಬಾರದಂತೆ, ಮಲಗುವ ಕೋಣೆಯ ಕಿಟಕಿಯ ಕೆಳಗೆ ಬರದಂತೆ. ಬರಹ ಕಡಿಮೆ, ಅಳತೆ ಹೆಚ್ಚು.

ಈ ವಿಂಗಡಣೆ ನಮ್ಮ ಆವಿಷ್ಕಾರವಲ್ಲ. ನೆದರ್‌ಲ್ಯಾಂಡ್ಸಿನ ವಾಸ್ತುಶಿಲ್ಪಿ ಜಾನ್ ಹಬ್ರಾಕೆನ್ 1961ರಲ್ಲೇ, ಸಾಮೂಹಿಕ ವಸತಿಯಲ್ಲಿ ಎಲ್ಲರಿಗೂ ಸೇರಿದ ಆಧಾರ ರಚನೆಯನ್ನೂ ಆಯಾ ಮನೆಯವರು ನಿರ್ಧರಿಸುವ ಒಳತುಂಬನ್ನೂ ಬೇರೆಯಾಗಿ ನೋಡಬೇಕೆಂದು ವಾದಿಸಿದ್ದರು. ಇಂದೋರಿನ ‘ಅರಣ್ಯ’ ಎಂಬ ಹೆಸರಿನ ಬಡಾವಣೆಯಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಮತ್ತು ಅವರ ಸಹೋದ್ಯೋಗಿಗಳು ಮೊದಲು ನಗರದ ಕೊಳೆಗೇರಿಗಳಲ್ಲಿ ಜನ ಮನೆಯ ಹೊಸ್ತಿಲು, ಮೆಟ್ಟಿಲು, ಬೀದಿಯಂಚನ್ನು ಬಳಸುವ ಬಗೆಯನ್ನು ಅಭ್ಯಾಸ ಮಾಡಿ, ಸುಮಾರು 6,500 ನಿವೇಶನಗಳ ಯೋಜನೆ ರೂಪಿಸಿದರು; ಅತಿ ಕಡಿಮೆ ಆದಾಯದವರಿಗೆ ತಳಪಾಯ ಮತ್ತು ನೀರು, ಶೌಚದ ವ್ಯವಸ್ಥೆ ಕೊಟ್ಟು ಉಳಿದದ್ದನ್ನು ಮನೆಯವರಿಗೇ ಬಿಟ್ಟರು. ಎಂಬತ್ತು ಮಾದರಿ ಮನೆಗಳನ್ನು ಕಟ್ಟಿ ತೋರಿಸಿದ್ದು ಸಾಧ್ಯತೆಗಳನ್ನು ಕಾಣಿಸಲು. 1995ರಲ್ಲಿ ಆ ಯೋಜನೆಗೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂದಿತು. ಖಾಲಿ ನಿವೇಶನದಲ್ಲಿ ಮಾಡಿದ್ದನ್ನು ನಲವತ್ತು ವರ್ಷ ಜನ ಬಾಳಿದ ಜಾಗಕ್ಕೆ ತರುವಾಗ ಒಂದು ವ್ಯತ್ಯಾಸವಿದೆ: ಇಲ್ಲಿ ಗೆರೆ ಎಳೆಯುವ ಮೊದಲೇ ಯಾರೋ ಗೆರೆ ದಾಟಿರುತ್ತಾರೆ. ನಮ್ಮ ಮಿತಿಗೆ ಹೊರಗೆ ಬಿದ್ದ ಎರಡು ಹಳೆಯ ಕಟ್ಟೆಗಳ ಬಗ್ಗೆ ದೀರ್ಘ ಚರ್ಚೆಯಾಯಿತು. ಒಂದು ಮೆಟ್ಟಿಲ ಬಾಯಿಯ ಅಗಲವನ್ನು ಕಿರಿದುಗೊಳಿಸಿತ್ತು, ಅದನ್ನು ತೆಗೆಸಿದೆವು. ಇನ್ನೊಂದು ಅಳತೆಯಲ್ಲಿ ಹತ್ತು ಸೆಂಟಿಮೀಟರ್ ಮೀರಿತ್ತು, ಯಾರಿಗೂ ಅಡ್ಡಿಯಾಗಿರಲಿಲ್ಲ, ಅದನ್ನು ಬಿಟ್ಟೆವು. ಒಂದೇ ನಿಯಮವನ್ನು ಎರಡು ಬಗೆಯಾಗಿ ಅನ್ವಯಿಸಿದಿರಿ ಎಂಬ ಆಕ್ಷೇಪ ಬಂದಿತು. ಆಕ್ಷೇಪ ನಿಜ, ನಿರ್ಧಾರವನ್ನು ಬದಲಿಸಲಿಲ್ಲ.

ಎರಡು ವರ್ಷಗಳ ನಂತರ

ಕೆಲಸ ಮುಗಿದು ಎರಡು ವರ್ಷಗಳಾದ ಮೇಲೆ ಅದೇ ನಮೂನೆಯ ಹಾಳೆ ಹಿಡಿದು ಮತ್ತೊಮ್ಮೆ ಸುತ್ತಿದೆವು. ಹದಿನೆಂಟು ಮೆಟ್ಟಿಲ ಬಾಯಿಗಳ ಪೈಕಿ ಹದಿನಾಲ್ಕರಲ್ಲಿ ಕಟ್ಟೆಗಳಿದ್ದವು, ಎರಡರಲ್ಲಿ ಗಿಡಗಳು. ಇನ್ನೆರಡು ಕಡೆ ಎಂಟು ಮನೆಗಳವರಲ್ಲಿ ಒಮ್ಮತ ಮೂಡದೆ ತಳಪಾಯ ಹಾಗೆಯೇ ಉಳಿದಿತ್ತು. ಹಾಸಿದ ಕಾಲುದಾರಿಗಳ ಆಚೆ ಒಂದು ಹೊಸ ಕಾಲುದಾರಿ ಮೂಡಿತ್ತು, ಸೈಕಲ್ ನಿಲ್ದಾಣದಿಂದ ಗೇಟಿಗೆ. ಅದು ನಮ್ಮ ನಿಲ್ದಾಣವೇ ಹುಟ್ಟಿಸಿದ್ದು. ಮಾದರಿ ಪಟ್ಟಿಯ ನಡು ಅಂಗಳದಲ್ಲಿ ಉಳಿದ ಐದು ಬೆಂಚುಗಳನ್ನು ಸಂಸ್ಥೆ ತಾನೇ ತೆಗೆಸಿ ಕಚೇರಿಯ ಮುಂದೆ ಹಾಕಿಕೊಂಡಿತ್ತು. ಎಳೆದು ತಂದ ಬೆಂಚು ಗೋಡೆಗೆ ಆನಿಕೊಂಡು ಅಲ್ಲೇ ಇತ್ತು. ಅಂತಿಮ ನಕ್ಷೆಯಲ್ಲೂ ಅದನ್ನು ಅದೇ ಜಾಗದಲ್ಲಿ ಗುರುತಿಸಿದ್ದೇವೆ.

ನಮ್ಮ ಕಚೇರಿಯ ಕ್ರಮದಲ್ಲಿ ಇದರಿಂದಾದ ಬದಲಾವಣೆ ಒಂದೇ, ಅದೂ ಅನುಕ್ರಮಕ್ಕೆ ಸಂಬಂಧಿಸಿದ್ದು: ಈಗ ಯಾವುದೇ ನವೀಕರಣದಲ್ಲಿ ತೆರವಿನ ಪಟ್ಟಿಯನ್ನು ಮೊದಲು ಅಳೆದು ಬರೆಯುತ್ತೇವೆ, ಕಾರ್ಯಸೂಚಿಯನ್ನು ಆಮೇಲೆ ಒಪ್ಪಿಕೊಳ್ಳುತ್ತೇವೆ. ಇದಕ್ಕೆ ತಗಲುವ ಸಮಯವನ್ನು ಒಪ್ಪಂದದಲ್ಲೇ ನಮೂದಿಸುವುದು ಸುಲಭವಲ್ಲ. ಒಂದು ಕೆಲಸ ಇದೇ ಕಾರಣಕ್ಕೆ ಕೈತಪ್ಪಿತು.

ಐದನೆಯ ಪಟ್ಟಿಯಲ್ಲಿ ಮಾತ್ರ ಏನನ್ನೂ ಸಾಧಿಸಲಾಗಲಿಲ್ಲ. ಎರಡೂ ಬ್ಲಾಕುಗಳ ಬೆನ್ನು ಅತ್ತ ಇರುವುದರಿಂದ ಅಲ್ಲಿ ಮೆಟ್ಟಿಲ ಬಾಯಿಯಿಲ್ಲ, ಅಡುಗೆಮನೆಯ ಕಿಟಕಿಯಿಲ್ಲ, ನಲವತ್ತು ವರ್ಷಗಳಲ್ಲಿ ಯಾರೂ ಒಂದು ಇಟ್ಟಿಗೆಯನ್ನೂ ಇಟ್ಟಿರಲಿಲ್ಲ. ಒತ್ತುವರಿ ಪಟ್ಟಿಯ ಒಂಬತ್ತು ಪುಟಗಳಲ್ಲಿ ಆ ಬಯಲಿನ ಹೆಸರೇ ಇರಲಿಲ್ಲ. ನಾವು ಅಲ್ಲಿ ಬೆಂಚು ಹಾಕಲಿಲ್ಲ. ಹುಲ್ಲು ಬೆಳೆಸಿ, ನಡುವೆ ಒಂದು ದಾರಿ ಹಾಸಿ ಬಿಟ್ಟೆವು. ಈಚೆಗೆ ಐದನೆಯ ಬ್ಲಾಕಿನ ನೆಲಮಹಡಿಯ ಇಬ್ಬರು ನಿವಾಸಿಗಳು, ಹಿಂದಿನ ಕೋಣೆಯ ಕಿಟಕಿಯನ್ನು ಬಾಗಿಲು ಮಾಡಿಕೊಳ್ಳಲು ಅನುಮತಿ ಕೇಳಿ ಸಂಸ್ಥೆಗೆ ಅರ್ಜಿ ಕೊಟ್ಟಿದ್ದಾರೆ. ಕಿಟಕಿಯ ಅಗಲವನ್ನು ಹೆಚ್ಚಿಸದೆ ಕೆಳಗಿನ ಗೋಡೆಯನ್ನಷ್ಟೇ ಕತ್ತರಿಸುವುದಾದರೆ ಕಿಟಕಿಯ ಮೇಲಿನ ಗೋಡೆಯ ಭಾರ ಹೊರುವ ಅಡ್ಡತೊಲೆ (ಲಿಂಟಲ್) ಹಾಗೆಯೇ ಉಳಿಯುತ್ತದೆ, ಆದ್ದರಿಂದ ಸಾಧ್ಯ ಎಂಬುದು ನಮ್ಮ ಪ್ರಾಥಮಿಕ ಅಭಿಪ್ರಾಯ. ಕಟ್ಟಡ ರಚನಾ ತಜ್ಞರ ವರದಿ ಇನ್ನೂ ಬರಬೇಕಿದೆ.